ಗಾಜಿನ ತೊಟ್ಟಿಯ ಗಿಡಗಳಿಗೆ ಎಷ್ಟು ಬೆಳಕು ಬೇಕು?

ಮನೆಯ ಹಾಲ್‌ನಲ್ಲೊಂದು ಗಾಜಿನ ತೊಟ್ಟಿ, ಅದರಲ್ಲಿ ನಾಲ್ಕೈದು ಬಣ್ಣದ ಮೀನುಗಳು. ನಮ್ಮ ಊರುಗಳಲ್ಲಿ ಇದೀಗ ಅಪರೂಪದ ದೃಶ್ಯವೇನಲ್ಲ. ರಜೆಯಲ್ಲಿ ಗಲ್ಫ್‌ನಿಂದ ಬಂದ ಮಾವ ಮಕ್ಕಳಿಗೆಂದು ಕೊಡಿಸಿದ್ದೋ, ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದುದಕ್ಕೆ ತಂದೆ ತಂದುಕೊಟ್ಟದ್ದೋ ಆಗಿರುತ್ತದೆ. ಎರಡು ಪ್ಲಾಸ್ಟಿಕ್ ಗಿಡ, ಬಣ್ಣ ಬಳಿದ ಕಲ್ಲು, ಗುಳ್ಳೆ ಬಿಡುವ ಒಂದು ಯಂತ್ರ. ಹೆಚ್ಚಿನವರಿಗೆ ಇಷ್ಟು ಸಾಕು. ಆದರೆ ಕೆಲವರಿಗೆ ಅಷ್ಟರಲ್ಲಿ ಸಮಾಧಾನವಾಗುವುದಿಲ್ಲ. ಪ್ಲಾಸ್ಟಿಕ್ ಗಿಡ ಕಿತ್ತು ಹಾಕಿ ಜೀವ ಇರುವ ಗಿಡ ನೆಡಬೇಕೆಂದು ಅನಿಸುತ್ತದೆ. ರಕ್ತದಂತೆ ಕೆಂಪಾದ ಎಲೆಯ ಗಿಡ, ಹುಲ್ಲುಹಾಸಿನಂತೆ ತಳದಲ್ಲಿ ಹರಡುವ ಗಿಡ ಇವನ್ನೆಲ್ಲಾ ಕಂಡಾಗ ಆಸೆ ಹುಟ್ಟದವರು ಯಾರು? ನನಗೂ ಹುಟ್ಟಿತು. ಆ ಆಸೆಯಲ್ಲಿ ನಾನು ಮಾಡಿದ ತಪ್ಪಿನಿಂದಲೇ ಈ ತಿಂಗಳ ಮಾತನ್ನು ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಎರಡು ಅಡಿ ಉದ್ದದ ತೊಟ್ಟಿಗೆ ಅಂಗಡಿಯಿಂದ ಕೆಂಪು ಗಿಡಗಳನ್ನು ತಂದು ನೆಟ್ಟೆ. ತೊಟ್ಟಿಯ ಮುಚ್ಚಳದಲ್ಲಿ ಒಂದು ಸಣ್ಣ ದೀಪವಿತ್ತು. ತಿಂಗಳು ಕಳೆಯುವುದರೊಳಗೆ ಕೆಂಪು ಬಣ್ಣ ಮಾಯವಾಗಿ ಗಿಡ ಹಸಿರಾಯಿತು. ಕೆಳಗಿನ ಎಲೆಗಳು ಒಂದೊಂದಾಗಿ ಉದುರಿದವು. "ಬೆಳಕು ಸಾಲದು ಮಾಷ್ಟ್ರೇ" ಎಂದರು ಅಂಗಡಿಯವರು. ಸರಿ, ಇದ್ದುದರಲ್ಲೇ ಪ್ರಖರವಾದ ಎಲ್‌ಇಡಿ ದೀಪ ಕೊಂಡು ತಂದೆ. ದಿನಕ್ಕೆ ಹನ್ನೆರಡು ಗಂಟೆ ಉರಿಸಿದೆ. ಮೊದಲ ವಾರ ಎಲೆಗಳ ಮೇಲೆ ಮುತ್ತಿನಂತೆ ಗುಳ್ಳೆಗಳು ಮೂಡಿದವು. ನೆರೆಮನೆಯವರನ್ನೂ ಕರೆದು ತೋರಿಸಿದೆ. ಮೂರನೇ ವಾರಕ್ಕೆ ಗಾಜಿನ ತುಂಬ ಹಸಿರು ಪಾಚಿ. ಗಿಡದ ತುದಿಗಳಲ್ಲಿ ಕೂದಲಿನಂಥ ಎಳೆಗಳು. ಇಂಗಾಲದ ಡೈ ಆಕ್ಸೈಡ್ ಕೊಡದ ಕಾರಣ ಹೀಗಾಯಿತು ಎಂದು ಯಾರೋ ಹೇಳಿದರು. ಅದರ ಸಿಲಿಂಡರನ್ನೂ ತಂದು ಜೋಡಿಸಿದೆ. ಒಂದು ರಾತ್ರಿ ಅದರ ತಿರುಪು ಮುಚ್ಚಲು ಮರೆತು ಮಲಗಿದೆ.

ಸುಬ್ಹಿಗೆ ಎದ್ದು ನೋಡಿದರೆ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ಏಳು ಮೀನುಗಳು ಸತ್ತು ತೇಲುತ್ತಿದ್ದವು. ಶಾಲೆಗೆ ಹೊರಟಿದ್ದ ಚಿಕ್ಕ ಮಗಳು ಚೀಲ ಹೆಗಲಿಗೇರಿಸಿಕೊಂಡೇ ತೊಟ್ಟಿಯ ಮುಂದೆ ನಿಂತಳು. "ಉಪ್ಪಾ, ಗಿಡಕ್ಕೆ ಬೆಳಕು ಕೊಡಲು ಹೋಗಿ ನಾವು ಮೀನನ್ನು ಕೊಂದೆವಲ್ಲಾ?" ಎಂದಳು. ತಪ್ಪು ಮಾಡಿದವನು ನಾನು. ಅವಳು "ನಾವು" ಎಂದಳು. ಆ ಒಂದು ಮಾತು ನನ್ನನ್ನು ಬಹಳ ದಿನ ಕಾಡಿತು. ಅದರ ನಂತರವೇ ನಾನು ಬೆಳಕಿನ ವಿಷಯವನ್ನು ಕುಳಿತು ಕಲಿತದ್ದು. ಕಲಿತದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ನಿಮ್ಮ ಮನೆಯ ಮಕ್ಕಳು ಇಂಥ ಪ್ರಶ್ನೆ ಕೇಳುವಂತಾಗದಿರಲಿ.

ಬೆಳಕು ಮಾತ್ರ ಸಾಲದು

ಗಿಡಗಳು ಬೆಳಕಿನ ಶಕ್ತಿಯಿಂದ, ನೀರು ಮತ್ತು ಇಂಗಾಲದ ಡೈ ಆಕ್ಸೈಡನ್ನು ಸೇರಿಸಿ ತಮ್ಮ ಆಹಾರವನ್ನು ತಯಾರಿಸಿಕೊಳ್ಳುತ್ತವೆ. ಇದನ್ನು ನಾವೆಲ್ಲಾ ಶಾಲೆಯಲ್ಲಿ ಓದಿದ್ದೇವೆ. ಆದರೆ ತೊಟ್ಟಿಯ ವಿಷಯ ಬಂದಾಗ ಒಂದು ಮಾತನ್ನು ಮರೆತುಬಿಡುತ್ತೇವೆ. ಅಡುಗೆಗೆ ಒಲೆಯ ಬೆಂಕಿ ಎಷ್ಟೇ ಜೋರಾಗಿದ್ದರೂ ಪಾತ್ರೆಯಲ್ಲಿ ಅಕ್ಕಿ ಮತ್ತು ನೀರು ಇಲ್ಲದಿದ್ದರೆ ಅನ್ನವಾಗುವುದಿಲ್ಲ, ಪಾತ್ರೆ ಸೀದು ಹೋಗುತ್ತದೆ. ಬೆಳಕು ಇಲ್ಲಿ ಬೆಂಕಿಯಂತೆ. ಇಂಗಾಲದ ಡೈ ಆಕ್ಸೈಡ್ ಮತ್ತು ಗೊಬ್ಬರದ ಅಂಶಗಳು ಅಕ್ಕಿ ನೀರಿನಂತೆ. ಬೆಳಕು ಹೆಚ್ಚಾದಷ್ಟೂ ಗಿಡದ ಹಸಿವು ಹೆಚ್ಚುತ್ತದೆ. ಆ ಹಸಿವಿಗೆ ತಕ್ಕ ಆಹಾರ ಸಿಗದಿದ್ದರೆ ಗಿಡ ಬಳಲುತ್ತದೆ. ಬಳಲಿದ ಗಿಡದ ಮೇಲೆ ಪಾಚಿ ಬಂದು ಕೂರುತ್ತದೆ. ಪಾಚಿಗೆ ಬೇಕಾದುದು ತೀರಾ ಕಡಿಮೆ. ಗಿಡ ಸೋತ ಕಡೆ ಅದು ಗೆಲ್ಲುತ್ತದೆ.

ನೀರಿನೊಳಗೆ ಇನ್ನೊಂದು ತೊಡಕಿದೆ. ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಇಂಗಾಲದ ಡೈ ಆಕ್ಸೈಡ್ ನೀರಿನಲ್ಲಿ ಹರಡುತ್ತದೆ. ನಾವು ಕೊಂಡು ತರುವ ಅನೇಕ ಗಿಡಗಳು ನಿಜವಾಗಿ ಸದಾ ನೀರಿನೊಳಗೇ ಇರುವ ಗಿಡಗಳಲ್ಲ. ಹೊಳೆಯ ಬದಿ, ಗದ್ದೆ, ಜೌಗು ನೆಲಗಳಲ್ಲಿ ವರ್ಷದ ಕೆಲವು ತಿಂಗಳು ತಲೆ ಹೊರಗಿಟ್ಟು, ಬಿಸಿಲು ಗಾಳಿ ಎರಡನ್ನೂ ಧಾರಾಳವಾಗಿ ಉಂಡು ಬೆಳೆಯುವಂಥವು. ಅವನ್ನು ಪೂರ್ತಿ ನೀರಲ್ಲಿ ಮುಳುಗಿಸಿ ಅದೇ ಚೆಲುವನ್ನು ಬಯಸಿದರೆ ನಾವೇ ಅವುಗಳ ಬೆಳಕನ್ನೂ ಗಾಳಿಯನ್ನೂ ಗೊಬ್ಬರವನ್ನೂ ಹೊಂದಿಸಿ ಕೊಡಬೇಕಾಗುತ್ತದೆ. ಇವನ್ನು ಆರೈಕೆ ಹೆಚ್ಚು ಬೇಡುವ ಗಿಡಗಳು ಎನ್ನುವುದು ಇದೇ ಕಾರಣಕ್ಕೆ.

ಇಲ್ಲಿ ಹೊಸಬರು ಮೋಸ ಹೋಗುವ ಒಂದು ಸಂಗತಿಯನ್ನು ಹೇಳಿಬಿಡುತ್ತೇನೆ. ನರ್ಸರಿಗಳಲ್ಲಿ ಇಂಥ ಗಿಡಗಳನ್ನು ಸಾಮಾನ್ಯವಾಗಿ ನೀರಿನ ಹೊರಗೆ ಬೆಳೆಸಿರುತ್ತಾರೆ. ತೊಟ್ಟಿಯಲ್ಲಿ ನೆಟ್ಟ ಮೊದಲ ವಾರಗಳಲ್ಲಿ ಆ ಹಳೆಯ ಎಲೆಗಳು ಕರಗಿ ಹೋಗುವುದು ಸಹಜ. ನೀರಿಗೆ ಹೊಂದಿಕೊಂಡ ಹೊಸ ಎಲೆಗಳು ತುದಿಯಿಂದ ಬರುತ್ತವೆ. ಇದನ್ನು ಕಂಡು ಬೆಳಕು ಸಾಲದೆಂದು ಹೆದರಿ ದೀಪ ಬದಲಿಸಬೇಡಿ. ಹಳೆಯ ಎಲೆಯನ್ನಲ್ಲ, ಹೊಸ ಚಿಗುರನ್ನು ನೋಡಿ ತೀರ್ಮಾನಿಸಿ.

ಮೊದಲು ಗಿಡ, ಆಮೇಲೆ ದೀಪ

ಹೆಚ್ಚಿನವರು ಮೊದಲು ದೀಪ ಕೊಳ್ಳುತ್ತಾರೆ, ಆಮೇಲೆ ಗಿಡ ಹುಡುಕುತ್ತಾರೆ. ಕ್ರಮ ತಿರುವುಮುರುವಾಗಬೇಕು. ಯಾವ ಗಿಡ ಬೇಕು ಎಂದು ತೀರ್ಮಾನಿಸಿದ ಮೇಲೆ ಅದಕ್ಕೆ ತಕ್ಕ ದೀಪ ಕೊಳ್ಳಬೇಕು.

ಅನುಬಿಯಾಸ್, ಜಾವಾ ಫರ್ನ್, ಜಾವಾ ಮಾಸ್, ಕ್ರಿಪ್ಟೊಕೊರೈನ್ ಮುಂತಾದವು ಮಂದ ಬೆಳಕಿನಲ್ಲೇ ಬದುಕುತ್ತವೆ. ಇವಕ್ಕೆ ಸಿಲಿಂಡರ್ ಬೇಡ. ನೆಲಕ್ಕೆ ಹಾಸಿದಂತೆ ಹರಡುವ ಹೆಮಿಯಾಂಥಸ್ ಮತ್ತು ಗ್ಲಾಸೊಸ್ಟಿಗ್ಮಾ, ಕೆಂಪಾಗಿ ಮೆರೆಯುವ ರೊಟಾಲಾ ಮ್ಯಾಕ್ರಾಂಡ್ರ ಮುಂತಾದವು ಇನ್ನೊಂದು ತುದಿಯಲ್ಲಿವೆ. ಹಾಸುವ ಗಿಡಗಳಿಗೆ ಬೆಳಕು ಸಾಲದಿದ್ದರೆ ಹರಡುವ ಬದಲು ಬೆಳಕನ್ನು ಹುಡುಕಿಕೊಂಡು ಮೇಲಕ್ಕೆ ಏಳುತ್ತವೆ. ಕೆಂಪು ಗಿಡಗಳು ಹಸಿರಾಗುತ್ತವೆ. ಎಲೆಗಳಲ್ಲಿ ಕೆಂಪು ಬಣ್ಣ ಮೂಡಲು ಪ್ರಖರ ಬೆಳಕು ಬೇಕೇ ಬೇಕು.

ಪೆಟ್ಟಿಗೆಯ ಮೇಲಿನ ಅಂಕಿಗಳು

ಅಂಗಡಿಗೆ ಹೋದಾಗ ನಿಮ್ಮ ಮುಂದೆ ಹಲವು ಅಂಕಿಗಳು ಬರುತ್ತವೆ. ಒಂದೊಂದನ್ನೂ ನೋಡೋಣ.

ಮೊದಲನೆಯದು ವ್ಯಾಟ್. ಟ್ಯೂಬ್‌ಲೈಟುಗಳ ಕಾಲದಲ್ಲಿ ಒಂದು ಗ್ಯಾಲನ್ ನೀರಿಗೆ ಎರಡು ಮೂರು ವ್ಯಾಟ್ ಎಂಬ ಲೆಕ್ಕ ಚಾಲ್ತಿಯಲ್ಲಿತ್ತು. ಎಲ್‌ಇಡಿಗೆ ಆ ಲೆಕ್ಕ ಹೊಂದುವುದಿಲ್ಲ. ವ್ಯಾಟ್ ಎಂದರೆ ದೀಪ ತಿನ್ನುವ ವಿದ್ಯುತ್ತೇ ಹೊರತು ಕೊಡುವ ಬೆಳಕಲ್ಲ. ಹಳೆಯ ದಪ್ಪ ಟ್ಯೂಬ್, ಅದರ ನಂತರ ಬಂದ ತೆಳ್ಳಗಿನ ಟಿ5 ಟ್ಯೂಬ್, ಎಲ್‌ಇಡಿ ಇವೆಲ್ಲವೂ ಒಂದೇ ವ್ಯಾಟಿನಲ್ಲಿ ಬೇರೆ ಬೇರೆ ಪ್ರಮಾಣದ ಬೆಳಕು ಕೊಡುತ್ತವೆ.

ಎರಡನೆಯದು ಕೆಲ್ವಿನ್. ಇದು ಬೆಳಕು ಹಳದಿಯೋ ಬಿಳಿಯೋ ನೀಲಿಯೋ ಎಂದು ಹೇಳುತ್ತದೆ. 6500 ಕೆಲ್ವಿನ್ ಎಂದರೆ ಹಗಲಿನಂಥ ಬಿಳಿ ಬೆಳಕು. ಈ ಅಂಕಿ ಮುಖ್ಯವಾಗಿ ನಮ್ಮ ಕಣ್ಣಿಗಾಗಿ ಇರುವುದು. 5000ದಿಂದ 7000ದವರೆಗಿನ ಯಾವುದೇ ಬಿಳಿ ದೀಪದಲ್ಲಿ ಗಿಡ ಬೆಳೆಯುತ್ತದೆ. ಕೆಂಪು ಮತ್ತು ನೀಲಿ ಮಾತ್ರ ಬೆರೆಸಿದ ಗುಲಾಬಿ ದೀಪಗಳೂ ಸಿಗುತ್ತವೆ. ಅದರಲ್ಲೂ ಗಿಡ ಬೆಳೆಯುತ್ತದೆ. ಆದರೆ ಮನೆಗೆ ಬಂದವರಿಗೆ ತೊಟ್ಟಿ ನೋಡಲು ಚೆನ್ನಾಗಿರುವುದಿಲ್ಲ. ಹಸಿರು ಬೆಳಕನ್ನು ಗಿಡ ಬಳಸುವುದೇ ಇಲ್ಲ ಎಂಬ ಮಾತು ಕೂಡಾ ಸರಿಯಲ್ಲ. ಸ್ವಲ್ಪವನ್ನು ತಿರುಗಿ ಬಿಡುತ್ತದೆ, ಉಳಿದುದನ್ನು ಬಳಸುತ್ತದೆ.

ಮೂರನೆಯದು ಲ್ಯೂಮೆನ್. ದೀಪ ಒಟ್ಟು ಎಷ್ಟು ಬೆಳಕು ಕೊಡುತ್ತದೆ ಎಂಬುದರ ಅಳತೆ ಇದು. ಆದರೆ ಇದು ಮನುಷ್ಯನ ಕಣ್ಣಿಗೆ ಕಾಣುವ ಬೆಳಕಿನ ಅಳತೆ. ನಮ್ಮ ಕಣ್ಣಿಗೆ ಹಸಿರು ಹಳದಿ ಬೆಳಕು ಹೆಚ್ಚು ಪ್ರಖರವಾಗಿ ಕಾಣುತ್ತದೆ. ಗಿಡದ ಹರಿತ್ತು ಹೆಚ್ಚಾಗಿ ಹೀರುವುದು ಕೆಂಪು ಮತ್ತು ನೀಲಿಯನ್ನು. ಆದ್ದರಿಂದ ಕೆಂಪು, ಹಸಿರು, ನೀಲಿ ಮೂರೂ ಬಿಡಿಬಿಡಿಯಾಗಿರುವ ದೀಪಗಳ ವಿಷಯದಲ್ಲಿ ಲ್ಯೂಮೆನ್ ಅಂಕಿ ಕಡಿಮೆ ಇದ್ದರೂ ಗಿಡಕ್ಕೆ ಸಿಗುವ ಬೆಳಕು ಹೆಚ್ಚಿರಬಹುದು. ಬಿಳಿ ದೀಪಗಳನ್ನು ಹೋಲಿಸಲು ಮಾತ್ರ ಈ ಅಂಕಿ ಸಾಕಷ್ಟು ಉಪಯುಕ್ತ.

ನಾಲ್ಕನೆಯದು ಪಾರ್ ಎಂಬ ಅಳತೆ. ಗಿಡದ ದೃಷ್ಟಿಯಿಂದ ಇದೇ ಸರಿಯಾದ ಅಳತೆ. ಗಿಡ ಬಳಸಬಲ್ಲ 400ರಿಂದ 700 ನ್ಯಾನೊಮೀಟರ್ ತರಂಗಗಳ ಬೆಳಕಿನ ಕಣಗಳು ಒಂದು ಸೆಕೆಂಡಿನಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ಎಷ್ಟು ಬೀಳುತ್ತವೆ ಎಂದು ಮೈಕ್ರೊಮೋಲ್‌ಗಳಲ್ಲಿ ಇದನ್ನು ಹೇಳುತ್ತಾರೆ. ತೊಟ್ಟಿಯ ತಳದಲ್ಲಿ 15ರಿಂದ 30 ಇದ್ದರೆ ಸುಲಭದ ಗಿಡಗಳಿಗೆ ಸಾಕು. 30ರಿಂದ 50 ಮಧ್ಯಮ. ಆರೈಕೆ ಹೆಚ್ಚು ಬೇಡುವ ಗಿಡಗಳಿಗೆ 50ಕ್ಕಿಂತ ಮೇಲೆ ಬೇಕು. 100 ದಾಟಿದರೆ ಅದು ಪಳಗಿದವರ ಕೆಲಸ. ಹೊರಗೆ ನಡುಹಗಲಿನ ಬಿಸಿಲಿನಲ್ಲಿ ಇದೇ ಅಳತೆ ಸುಮಾರು 2000 ಇರುತ್ತದೆ ಎಂದರೆ ನಮ್ಮ ದೀಪಗಳೆಲ್ಲ ಎಷ್ಟು ಮಂದ ಎಂದು ತಿಳಿಯುತ್ತದೆ. ಒಳ್ಳೆಯ ತಯಾರಕರು ಯಾವ ಎತ್ತರದಿಂದ ಎಷ್ಟು ಪಾರ್ ಎಂದು ಪಟ್ಟಿಯಲ್ಲಿ ಕೊಟ್ಟಿರುತ್ತಾರೆ. ಇದ್ದರೆ ಅದನ್ನೇ ನಂಬಿ.

ಮನೆಯಲ್ಲೇ ಮಾಡಬಹುದಾದ ಲೆಕ್ಕ

ಪಾರ್ ಅಳೆಯುವ ಉಪಕರಣ ದುಬಾರಿ. ಹವ್ಯಾಸಕ್ಕಾಗಿ ಅದನ್ನು ಕೊಳ್ಳುವುದು ದುಂದು. ಸುಲಭದ ಲೆಕ್ಕ ಹೀಗಿದೆ. ಲೀಟರಿಗೆ 10ರಿಂದ 20 ಲ್ಯೂಮೆನ್ ಎಂದರೆ ಮಂದ ಬೆಳಕು, 20ರಿಂದ 40 ಮಧ್ಯಮ, 40ಕ್ಕಿಂತ ಮೇಲೆ ಪ್ರಖರ. ನಿಮ್ಮ ತೊಟ್ಟಿ 60 ಸೆಂಟಿಮೀಟರ್ ಉದ್ದ, 30 ಅಗಲ, 35 ಎತ್ತರ ಇದೆ ಎಂದುಕೊಳ್ಳಿ. ಮೂರನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ 63 ಲೀಟರ್. ಲೆಕ್ಕಕ್ಕೆ 60 ಎನ್ನೋಣ. ಸುಲಭದ ಗಿಡಗಳಿಗೆ 600ರಿಂದ 1200 ಲ್ಯೂಮೆನ್ ಸಾಕು. ಆರೈಕೆ ಹೆಚ್ಚು ಬೇಡುವ ಗಿಡಗಳಿಗೆ 2400ಕ್ಕಿಂತ ಹೆಚ್ಚು ಬೇಕು.

ಮನೆಗಳಲ್ಲಿ ಬಳಸುವ ಎರಡು ಅಡಿಯ 10 ವ್ಯಾಟ್ ಎಲ್‌ಇಡಿ ಟ್ಯೂಬ್ ಸುಮಾರು 1000 ಲ್ಯೂಮೆನ್ ಕೊಡುತ್ತದೆ. ಅಂದರೆ ಅಂಥ ಒಂದು ಟ್ಯೂಬಿನಲ್ಲಿ ಸುಲಭದ ಗಿಡಗಳನ್ನು ಬೆಳೆಸಬಹುದು. ಮೂರು ಟ್ಯೂಬು ಹಾಕಿದರೆ ಕೆಂಪು ಗಿಡಗಳನ್ನೂ ಪ್ರಯತ್ನಿಸಬಹುದು. ದುಬಾರಿ ದೀಪವೇ ಬೇಕೆಂದೇನಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ದುಬಾರಿ ದೀಪಗಳಲ್ಲಿ ನೀರು ತಾಗದ ರಕ್ಷಣೆ, ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸೌಲಭ್ಯ, ಎಲೆಗಳ ಬಣ್ಣ ಚೆನ್ನಾಗಿ ಕಾಣುವ ಗುಣ ಇರುತ್ತದೆ. ಹಣ ಇದ್ದವರು ಅದಕ್ಕಾಗಿ ಕೊಳ್ಳಲಿ.

ಈ ಲೆಕ್ಕವನ್ನು ಕುರುಡಾಗಿ ನಂಬಬೇಡಿ. ತೊಟ್ಟಿ ಆಳವಾದಷ್ಟೂ ತಳಕ್ಕೆ ತಲುಪುವ ಬೆಳಕು ಕಡಿಮೆಯಾಗುತ್ತದೆ. ದೀಪ ನೀರಿನಿಂದ ಎತ್ತರದಲ್ಲಿದ್ದರೆ ಬೆಳಕು ಗೋಡೆಗೂ ನೆಲಕ್ಕೂ ಚೆಲ್ಲಿ ಹೋಗುತ್ತದೆ. ಮುಚ್ಚಳದ ಗಾಜಿನಲ್ಲಿ ಧೂಳು, ಉಪ್ಪಿನ ಕಲೆ ಕಟ್ಟಿದ್ದರೂ ಬೆಳಕು ಕುಗ್ಗುತ್ತದೆ. ವಾರಕ್ಕೊಮ್ಮೆ ಒರೆಸಿರಿ. ಮೊಬೈಲಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಇದ್ದರೆ ನೀರು ತುಂಬುವ ಮೊದಲು ಖಾಲಿ ತೊಟ್ಟಿಯ ತಳದಲ್ಲಿಟ್ಟು ನೋಡಬಹುದು. ಬಿಳಿ ಎಲ್‌ಇಡಿಯಲ್ಲಿ ಸುಮಾರು 70 ಲಕ್ಸ್‌ಗೆ ಒಂದು ಪಾರ್ ಎಂದು ಹಿಡಿದರೆ 3500 ಲಕ್ಸ್ ಎಂದರೆ 50 ಪಾರ್. ಇದು ಅಂದಾಜು ಮಾತ್ರ. ಆದರೆ ಮೂಲೆಗಳಲ್ಲಿ ಎಷ್ಟು, ನಡುವಿನಲ್ಲಿ ಎಷ್ಟು ಎಂಬ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಕೆಂಪು ಗಿಡಗಳನ್ನು ನಡುವಿಗೂ ಅನುಬಿಯಾಸನ್ನು ಮೂಲೆಯ ನೆರಳಿಗೂ ಹಾಕಲು ಇದು ನೆರವಾಗುತ್ತದೆ.

ಕಿಟಕಿಯ ಬಿಸಿಲಿಗೆ ತೊಟ್ಟಿ ಇಡಬಾರದೇ ಎಂದು ನೀವು ಕೇಳಬಹುದು. ನಮ್ಮ ಕರಾವಳಿಯ ಬೇಸಿಗೆಯಲ್ಲಿ ನೀರು ಬೇಗ ಬಿಸಿಯಾಗುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಬಿಸಿಲು ಎಷ್ಟು, ಎಷ್ಟು ಹೊತ್ತು ಎಂಬುದು ನಮ್ಮ ಕೈಯಲ್ಲಿರುವುದಿಲ್ಲ. ಅಳತೆ ನಮ್ಮ ಕೈಯಲ್ಲಿರಬೇಕಾದರೆ ದೀಪವೇ ಒಳ್ಳೆಯದು.

ಎಷ್ಟು ಹೊತ್ತು ಉರಿಸಬೇಕು?

ನನ್ನ ದೊಡ್ಡ ತಪ್ಪು ಇಲ್ಲೇ ಆದದ್ದು. ಹೊಸ ತೊಟ್ಟಿಗೆ ದಿನಕ್ಕೆ ಆರು ಗಂಟೆ ಸಾಕು. ಗಿಡಗಳು ಬೇರೂರಿ ಚಿಗುರಿದ ಮೇಲೆ ವಾರಕ್ಕೆ ಅರ್ಧ ಗಂಟೆಯಂತೆ ಹೆಚ್ಚಿಸುತ್ತಾ ಎಂಟು ಗಂಟೆಗೆ ಬನ್ನಿ. ಹತ್ತನ್ನು ದಾಟುವ ಅಗತ್ಯ ಬೀಳುವುದಿಲ್ಲ. ಮಂದ ಬೆಳಕನ್ನು ಹೆಚ್ಚು ಹೊತ್ತು ಉರಿಸಿ ಪ್ರಖರ ಬೆಳಕಿನ ಫಲ ಪಡೆಯಲಾಗದು. ಅದರಿಂದ ಪಾಚಿಗಷ್ಟೇ ಲಾಭ.

ಸಮಯವನ್ನು ನೆನಪಿಗೆ ಬಿಡದೆ ಟೈಮರಿಗೆ ಬಿಡಿ. ನಾವು ಮನೆಯಲ್ಲಿರುವ ಹೊತ್ತಿಗೆ ಉರಿಯುವಂತೆ ಇಟ್ಟುಕೊಳ್ಳಬಹುದು. ನಮ್ಮ ಮನೆಯಲ್ಲಿ ಮಧ್ಯಾಹ್ನ ಎರಡಕ್ಕೆ ಹೊತ್ತಿ ರಾತ್ರಿ ಹತ್ತಕ್ಕೆ ಆರುತ್ತದೆ. ಒಂದು ಎಚ್ಚರಿಕೆ. ಮುಳ್ಳು ತಿರುಗುವ ಅಗ್ಗದ ಟೈಮರುಗಳು ಕರೆಂಟು ಹೋದಾಗ ನಿಂತುಬಿಡುತ್ತವೆ. ದಿನಕ್ಕೆ ಎರಡು ಗಂಟೆ ಕರೆಂಟು ಹೋದರೆ ವಾರದಲ್ಲಿ ಹಗಲು ರಾತ್ರಿ ಅದಲು ಬದಲಾಗುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಸಮಯ ತಪ್ಪುವುದಿಲ್ಲ.

ಸಿಲಿಂಡರ್ ಇಟ್ಟವರು ಈ ಸಾಲನ್ನು ಎರಡು ಸಲ ಓದಿರಿ. ದೀಪವಿಲ್ಲದಾಗ ಗಿಡ ಇಂಗಾಲದ ಡೈ ಆಕ್ಸೈಡನ್ನು ಬಳಸುವುದಿಲ್ಲ. ಮಾತ್ರವಲ್ಲ, ಮೀನಿನಂತೆ ಅದೂ ಆಮ್ಲಜನಕ ಉಸಿರಾಡುತ್ತದೆ. ಆಗ ಸಿಲಿಂಡರ್ ತೆರೆದಿದ್ದರೆ ಮೀನಿಗೆ ಉಸಿರು ಕಟ್ಟುತ್ತದೆ. ಕರೆಂಟು ಹೋದಾಗ ತಾನಾಗಿ ಮುಚ್ಚಿಕೊಳ್ಳುವ ಸೊಲೆನಾಯ್ಡ್ ವಾಲ್ವ್ ಎಂಬ ಉಪಕರಣವಿದೆ. ಅದನ್ನು ಟೈಮರಿಗೆ ಜೋಡಿಸಿ. ದೀಪ ಹೊತ್ತುವ ಒಂದೆರಡು ಗಂಟೆ ಮೊದಲು ತೆರೆದು, ಆರುವ ಒಂದು ಗಂಟೆ ಮೊದಲು ಮುಚ್ಚುವಂತಿರಲಿ. ನೀರಿನೊಳಗೆ ಅಂಟಿಸುವ ಡ್ರಾಪ್ ಚೆಕರ್ ಎಂಬ ಸಣ್ಣ ಗಾಜಿನ ಬುರುಡೆಯ ದ್ರವ ನೀಲಿಯಾಗಿದ್ದರೆ ಅನಿಲ ಕಡಿಮೆ, ಹಸಿರಾದರೆ ಸರಿ, ಹಳದಿಯಾದರೆ ಅಪಾಯ. ಹಸಿರು ಎಂದರೆ ಲೀಟರಿಗೆ ಸುಮಾರು 30 ಮಿಲಿಗ್ರಾಂ. ಆದರೆ ಆ ಬಣ್ಣ ಬದಲಾಗಲು ಒಂದೆರಡು ಗಂಟೆ ಹಿಡಿಯುತ್ತದೆ. ಆದ್ದರಿಂದ ಬಣ್ಣದ ಜೊತೆ ಮೀನುಗಳನ್ನೂ ನೋಡಿ. ಮೀನು ಮೇಲೆ ಬಂದು ಬಾಯಿ ತೆರೆದರೆ ಬುರುಡೆಯ ಬಣ್ಣಕ್ಕೆ ಕಾಯಬೇಡಿ, ಕೂಡಲೇ ಸಿಲಿಂಡರ್ ಮುಚ್ಚಿ ಗುಳ್ಳೆಯ ಯಂತ್ರವನ್ನು ಹಾಕಿ. ಸಿಲಿಂಡರ್ ಬೇಡ ಎನ್ನುವವರು ಪ್ರಖರ ದೀಪವನ್ನೂ ಕೊಳ್ಳಬೇಡಿ. ಅವೆರಡೂ ಜೊತೆಗೇ ಬರಬೇಕಾದವು.

ನೀರು ಮತ್ತು ಕರೆಂಟು

ಮನೆಯಲ್ಲಿ ಮಕ್ಕಳಿದ್ದಾರೆ. ಗೋಡೆಯ ಟ್ಯೂಬನ್ನು ತೊಟ್ಟಿಯ ಮೇಲೆ ತೆರೆದಂತೆ ಇಡುವುದು ಅಪಾಯ. ನಡುವೆ ಗಾಜಿನ ಮುಚ್ಚಳವಿರಲಿ, ದೀಪ ಜಾರಿ ಬೀಳದಂತೆ ಭದ್ರವಾಗಿರಲಿ. ನೀರು ಚಿಮ್ಮಿದರೂ ತೊಂದರೆಯಾಗದ ದೀಪಗಳ ಮೇಲೆ ಐಪಿ65 ಅಥವಾ ಐಪಿ67 ಎಂದು ಬರೆದಿರುತ್ತದೆ. ತಂತಿ ಪ್ಲಗ್ಗಿಗೆ ಹೋಗುವ ಮೊದಲು ಒಮ್ಮೆ ಕೆಳಗಿಳಿದು ಮೇಲೇರುವಂತಿರಲಿ. ತಂತಿಯಲ್ಲಿ ಇಳಿದ ನೀರು ಪ್ಲಗ್ಗಿಗೆ ಹೋಗದೆ ಕೆಳಗೆ ತೊಟ್ಟಿಕ್ಕುತ್ತದೆ. ಅರ್ತಿಂಗ್ ಸರಿಯಿದೆಯೇ, ಮನೆಯಲ್ಲಿ ಆರ್‌ಸಿಸಿಬಿ ಇದೆಯೇ ಎಂದು ತಿಳಿದವರಿಂದ ನೋಡಿಸಿರಿ. ತೊಟ್ಟಿಗೆ ಕೈ ಹಾಕುವ ಮೊದಲು ಸ್ವಿಚ್ ಆರಿಸುವುದನ್ನು ಮಕ್ಕಳಿಗೂ ರೂಢಿ ಮಾಡಿಸಿ.

ಗಿಡವೇ ಹೇಳುತ್ತದೆ

ದೀಪ ಹಾಕಿದ ನಂತರ ಗಿಡದ ಮಾತು ಕೇಳಲು ಕಲಿಯಬೇಕು. ಕಾಂಡದಲ್ಲಿ ಎಲೆ ಎಲೆಗಳ ನಡುವೆ ಅಂತರ ಹೆಚ್ಚಾಗಿ ಗಿಡ ಸಪೂರ ಬೆಳೆಯುತ್ತಿದೆಯೇ? ಕೆಳಗಿನ ಎಲೆಗಳು ಉದುರುತ್ತಿವೆಯೇ? ಬೆಳಕು ಸಾಲದು. ಬೆಳಕು ಹೆಚ್ಚಿಸಿದ ಕೆಲವೇ ದಿನಗಳಲ್ಲಿ ಗಾಜಿಗೂ ಎಲೆಗೂ ಹಸಿರು ಹುಡಿ, ಕೂದಲಿನಂಥ ಪಾಚಿ ಬಂದಿದೆಯೇ? ಬೆಳಕು ಹೆಚ್ಚಾಯಿತು, ಅಥವಾ ಅದಕ್ಕೆ ತಕ್ಕ ಅನಿಲ ಗೊಬ್ಬರ ಸಿಗುತ್ತಿಲ್ಲ. ಆಗ ದೀಪವನ್ನು ಎರಡು ಮೂರು ಇಂಚು ಮೇಲೆತ್ತಿ, ಒಂದೆರಡು ಗಂಟೆ ಕಡಿಮೆ ಮಾಡಿ, ಎರಡು ವಾರ ಕಾಯಿರಿ. ಒಂದೇ ದಿನ ನಾಲ್ಕು ಬದಲಾವಣೆ ಮಾಡಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದೇ ಇಲ್ಲ. ಒಂದು ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದಿಡಿ. ನಮ್ಮ ಮನೆಯಲ್ಲಿ ಆ ಕೆಲಸ ಮಗಳದು.

ಗಾಜಿನ ತೊಟ್ಟಿಯನ್ನು ಕಾಡಿನ ತುಣುಕಿನಂತೆ ಕಟ್ಟುವ ಕಲೆಯನ್ನು ಜಗತ್ತಿಗೆ ಪರಿಚಯಿಸಿದವರು ಜಪಾನಿನ ಛಾಯಾಗ್ರಾಹಕ ತಕಾಶಿ ಅಮಾನೊ. 2015ರಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಲಿಸ್ಬನ್ ನಗರದ ಮತ್ಸ್ಯಾಲಯದಲ್ಲಿ ಅವರು ಕಟ್ಟಿದ ತೊಟ್ಟಿಯ ಉದ್ದ 40 ಮೀಟರ್. ಇಂದು ನಾವು ಬಳಸುವ ಬಿಳಿ ಎಲ್‌ಇಡಿಗೆ ದಾರಿ ಮಾಡಿಕೊಟ್ಟ ನೀಲಿ ಎಲ್‌ಇಡಿಗಾಗಿ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಒಬ್ಬರ ಹೆಸರೂ ಅಮಾನೊ, ಹಿರೋಶಿ ಅಮಾನೊ. ಹೆಸರು ಒಂದೇ, ವ್ಯಕ್ತಿ ಬೇರೆ. ಒಬ್ಬರು ತೊಟ್ಟಿಯಲ್ಲಿ ಕಾಡನ್ನು ತೋರಿಸಿದರು, ಇನ್ನೊಬ್ಬರ ಶ್ರಮದಿಂದ ಆ ಕಾಡಿಗೆ ಬೆಳಕು ಅಗ್ಗವಾಯಿತು.

ಆದರೆ ಕೆಂಪು ಗಿಡವೆಂದರೆ ಎಲ್ಲೋ ವಿದೇಶದ್ದೆಂದು ತಿಳಿಯಬೇಡಿ. ಜಗತ್ತಿನ ತೊಟ್ಟಿಗಳಲ್ಲಿ ಮೆರೆಯುವ ಆ ರೊಟಾಲಾ ಮ್ಯಾಕ್ರಾಂಡ್ರ ನಮ್ಮ ಪಶ್ಚಿಮ ಘಟ್ಟದ ಸೀಮೆಯ ಗಿಡ. ಕೇರಳ ಮತ್ತು ಕರ್ನಾಟಕದ ಹೊಳೆಗಳಲ್ಲಿರುವ, ಮಿಸ್ ಕೇರಳ ಎಂದು ಮಾರಾಟವಾಗುವ ಕೆಂಪು ಗೆರೆಯ ಮೀನನ್ನು ತೊಟ್ಟಿಗಳಿಗಾಗಿ ಹಿಡಿದು ಹಿಡಿದು ಇಂದು ಅದು ಅಳಿವಿನಂಚಿನಲ್ಲಿರುವ ಮೀನುಗಳ ಪಟ್ಟಿಯಲ್ಲಿದೆ. ಆದ್ದರಿಂದ ಹೊಳೆಯಿಂದ ಗಿಡ ಕಿತ್ತು, ಮೀನು ಹಿಡಿದು ತರಬೇಡಿ. ಬೆಳೆಸಿ ಮಾರುವವರಿಂದಲೇ ಕೊಳ್ಳಿ. ಹೆಚ್ಚಾದ ಗಿಡವನ್ನು ಹೊಳೆಗೆ ಎಸೆಯಲೂ ಬೇಡಿ, ಗೆಳೆಯರಿಗೆ ಕೊಡಿ.

ನಮ್ಮ ತೊಟ್ಟಿಯಲ್ಲಿ ಈಗ ಎರಡು ಟ್ಯೂಬುಗಳಷ್ಟೇ ಇವೆ. ಸಿಲಿಂಡರನ್ನು ತಿಳಿದ ಒಬ್ಬರಿಗೆ ಕೊಟ್ಟುಬಿಟ್ಟೆ. ಮಧ್ಯಮ ಬೆಳಕಿನಲ್ಲಿ ಬೆಳೆಯುವ ಹಸಿರು ಗಿಡಗಳಿಗೆ ತೃಪ್ತಿಪಟ್ಟುಕೊಂಡಿದ್ದೇವೆ. ಮೊನ್ನೆ ಮಗಳು ಕೇಳಿದಳು, "ಉಪ್ಪಾ, ಕೆಂಪು ಗಿಡ ಇನ್ನೊಮ್ಮೆ ತರೋಣವಾ?" ನಾನು ಹೇಳಿದೆ, "ನಿನ್ನ ಪುಸ್ತಕದಲ್ಲಿ ಆರು ತಿಂಗಳು ಪಾಚಿ ಎಂಬ ಪದ ಬರದಿದ್ದರೆ ತರೋಣ." ಈಗ ನಾಲ್ಕನೇ ತಿಂಗಳು ನಡೆಯುತ್ತಿದೆ.